ಕೊಸರು ಕೇಳಿದ ವೀರಭದ್ರಯ್ಯನವರು

ಆಸ್ಪತ್ರೆಯ ಒಳಗೆ ವೀರಭದ್ರಯ್ಯನವರು ಕೂತದ್ದನ್ನು ನಮ್ಮ ಚಾಮರಾಜಪೇಟೆಯಲ್ಲಿ ಯಾರೂ ಕಂಡಿಲ್ಲ. ತಾತ ಸಿದ್ಧವೀರಪ್ಪನವರು ಕಟ್ಟಿಸಿದ ಧರ್ಮಾಸ್ಪತ್ರೆ, ತಾವೇ ಅದರ ಟ್ರಸ್ಟಿನ ಕಾರ್ಯದರ್ಶಿ, ತಮಗೆಂದೇ ಮೀಸಲಾದ ಬೆತ್ತದ ಕುರ್ಚಿ ಕಚೇರಿಯಲ್ಲಿ ವಿರಾಜಮಾನವಾಗಿದ್ದರೂ ಈ ಮಹಾನುಭಾವರು ನಿಂತೇ ವೈದ್ಯರೊಡನೆ ಸಮಾಲೋಚಿಸುತ್ತಿದ್ದರು, ನಿಂತೇ ಸಹಿ ಹಾಕುತ್ತಿದ್ದರು, ನಿಂತೇ ಕಾಫಿ ಕುಡಿಯುತ್ತಿದ್ದರು. ಯಾಕ್ರೀ ಈ ಹಟ ಎಂದು ಕೇಳಿದರೆ, "ಆಸ್ಪತ್ರೇಲಿ ಕುರ್ಚಿ ಇರೋದು ನಿಂತ್ಕೊಳೋಕೆ ಆಗದೇ ಇರೋರಿಗೆ ಮೇಷ್ಟ್ರೇ. ಅದಿರ್ಲಿ, ತಿಂಡಿ ಆಯ್ತಾ?" ಎನ್ನುತ್ತಿದ್ದರು. ಮಾತು ತಮ್ಮ ಕಡೆಗೆ ತಿರುಗಿತೋ, ಈ 'ಅದಿರ್ಲಿ' ಬಂದು ಬಾಗಿಲು ಹಾಕಿಬಿಡುತ್ತಿತ್ತು.

ಕಾಟನ್‌ಪೇಟೆಯಲ್ಲಿ ಅವರದು ಗೋಣಿಚೀಲ, ಹುರಿಹಗ್ಗಗಳ ಸಗಟು ಅಂಗಡಿ. ಹಣೆಯ ತುಂಬ ವಿಭೂತಿ, ಬಿಳಿಯ ಪಂಚೆ, ಅದರ ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು. ಏಪ್ರಿಲ್ ತಿಂಗಳ ಧಗೆಯಲ್ಲೂ ಆ ಕೋಟು ಕಳಚಿದವರಲ್ಲ. ಅದರ ತೋಳಿನಲ್ಲಿ ಸದಾ ನಾಲ್ಕಾರು ಸೆಣಬಿನ ಎಳೆ ಅಂಟಿಕೊಂಡಿರುತ್ತವೆ. ಅವರ ಮಡದಿ ಶೈಲಜಮ್ಮನವರು ದಿನಾ ಬೆಳಗ್ಗೆ ಅದನ್ನು ಕೊಡವಿಯೇ ಕಳಿಸುವುದು, ಇವರು ಸಂಜೆ ಅಷ್ಟನ್ನೂ ಮತ್ತೆ ಹೊತ್ತು ತರುವುದು. ನಡಿಗೆಯೋ, ಎದುರುಗಾಳಿಗೆ ಸೈಕಲ್ಲು ತುಳಿಯುವವರ ಹಾಗೆ, ಎದೆ ಮುಂದು, ಕಾಲು ಹಿಂದು. ಆ ನಡಿಗೆಯ ಜೊತೆ ಹೆಜ್ಜೆ ಹಾಕಿ ನನ್ನ ಮಂಡಿ ಸವೆದದ್ದೇ ಬಂತು!

ಆ ಆಸ್ಪತ್ರೆಯ ಜೀವವೆಲ್ಲ ಮೊದಲ ಮಹಡಿಯ ಹೆರಿಗೆ ವಾರ್ಡಿನಲ್ಲಿತ್ತು. ಕಾಟನ್‌ಪೇಟೆಯ ಹಮಾಲರ ಹೆಂಡಂದಿರು, ಉಪ್ಪಾರಪೇಟೆಯ ಲಾಡ್ಜುಗಳಲ್ಲಿ ಕಸ ಗುಡಿಸುವ ಹೆಣ್ಣುಮಕ್ಕಳು, ನಮ್ಮಂಥ ಮೇಷ್ಟ್ರುಗಳ ಮನೆಯ ಬಸುರಿಯರು, ಎಲ್ಲರೂ ಒಂದೇ ಸಾಲಿನ ಮಂಚಗಳಲ್ಲಿ ಮಲಗಿ, ಒಬ್ಬರ ಮನೆಯ ಬೆಳ್ಳುಳ್ಳಿ ಸಾರನ್ನು ಇನ್ನೊಬ್ಬರು ಹಂಚಿಕೊಂಡು ಬಾಣಂತಿಯರಾದರು. ನನ್ನ ಮಗಳು ಸುಪ್ರಜಾ ಹುಟ್ಟಿದ್ದೂ ಅಲ್ಲೇ, ಅವಳ ಮಗ ಹುಟ್ಟಿದ್ದೂ ಅಲ್ಲೇ. ನೋವು ಬಂತೆಂದರೆ ಆಟೋದವನಿಗೆ ದಾರಿ ಹೇಳುವ ಅಗತ್ಯವೇ ಇರಲಿಲ್ಲ. ಎಷ್ಟೋ ಜನ ನಡೆದೇ ಬಂದುಬಿಡುತ್ತಿದ್ದರು.

ಆದರೆ ಬರೀ ಪುಣ್ಯದಿಂದ ಆಸ್ಪತ್ರೆ ನಡೆಯುತ್ತದೆಯೇ? ಒಳ್ಳೆಯ ವೈದ್ಯರು ಒಬ್ಬೊಬ್ಬರಾಗಿ ದೊಡ್ಡ ಆಸ್ಪತ್ರೆಗಳಿಗೆ ಹೊರಟುಹೋದರು. ಯಂತ್ರಗಳು ಮುದಿಯಾದವು. ಲಿಫ್ಟು ಕೈಕೊಟ್ಟ ದಿನ ಬಾಣಂತಿಯನ್ನು ಕುರ್ಚಿ ಸಮೇತ ಮೆಟ್ಟಿಲಲ್ಲಿ ಇಳಿಸಬೇಕಾಗುತ್ತಿತ್ತು. ಮುಚ್ಚುವುದೊಂದೇ ದಾರಿ ಎಂಬ ಹೊತ್ತಿಗೆ, ಊರ ತುಂಬ ಶಾಖೆಗಳಿರುವ ಒಂದು ದೊಡ್ಡ ಆಸ್ಪತ್ರೆ ಸಂಸ್ಥೆ ನಮ್ಮದನ್ನು ತನ್ನೊಳಗೆ ಸೇರಿಸಿಕೊಳ್ಳಲು ಮುಂದೆ ಬಂತು. ಅವರ ಯೋಜನೆ ಸರಳವಾಗಿತ್ತು: ಇಲ್ಲಿ ಸ್ಕ್ಯಾನಿಂಗು, ರಕ್ತಪರೀಕ್ಷೆ, ಹೊರರೋಗಿಗಳು; ಹೆರಿಗೆಯೆಲ್ಲ ರಿಂಗ್ ರೋಡಿನಾಚೆಯ ಅವರ ಭವ್ಯ ಕಟ್ಟಡದಲ್ಲಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ತುಂಬು ಬಸುರಿಯ ಗತಿ ಏನು ಎಂಬುದು ಆ ಯೋಜನೆಯಲ್ಲಿರಲಿಲ್ಲ.

ಮಾತುಕತೆಗೆ ಬಂದವರು ಸಂಕರ್ಷಣ ಎಂಬ ತರುಣ ಅಧಿಕಾರಿ, ಬಸವನಗುಡಿಯ ಹುಡುಗ. ಜೊತೆಗೆ ಮುಂಬಯಿಯಿಂದ ಬಂದ ಅವರ ಮೇಲಧಿಕಾರಿ. ವೀರಭದ್ರಯ್ಯನವರು ನಿಂತಿದ್ದಾರೆ, ಹಿರಿಯರು ನಿಂತಿರುವಾಗ ಕೂರುವುದು ಹೇಗೆ? ಪಾಪ, ಸಂಕರ್ಷಣನೂ ನಿಂತ. ಅವನು ನಿಂತದ್ದರಿಂದ ಮುಂಬಯಿಯವರೂ ನಿಂತರು. ಟ್ರಸ್ಟಿಗೆ ಹೆಸರಿಗಷ್ಟೇ ಸದಸ್ಯನಾದ ನಾನೊಬ್ಬ ಮಾತ್ರ, ಮಂಡಿಯ ದೆಸೆಯಿಂದ, ಕೂತು ಎಲ್ಲರ ಮುಖ ನೋಡುತ್ತಿದ್ದೆ. ತಿಂಗಳುಗಟ್ಟಲೆ ನಡೆದ ಆ ಸಭೆಗಳಲ್ಲಿ ವೀರಭದ್ರಯ್ಯನವರು ಹಿಡಿದ ಪಟ್ಟು ಒಂದೇ: ತಾತನ ಹೆಸರು ಬಾಗಿಲ ಮೇಲಿರಬೇಕು. ಸಂಸ್ಥೆಯವರು ತಮ್ಮ ಹೆಸರೊಂದೇ ಇರಬೇಕೆಂದರು. ಇವರು ಒಲ್ಲೆನೆಂದರು. ಹೆರಿಗೆ ವಾರ್ಡಿನ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಅಲ್ರೀ, ಊರ ಹೆಣ್ಣುಮಕ್ಕಳ ಜೀವ ಹೋಗೋ ವಿಷಯ ಬಿಟ್ಟು ಬೋರ್ಡಿಗೆ ಗುದ್ದಾಡ್ತೀರಲ್ಲ!" ಎಂದು ಹೊರಗೆ ಬಂದಾಗ ಕೂಗಾಡಿದೆ. "ಅದಿರ್ಲಿ," ಎಂದು ಅವರು ನಡೆದುಬಿಟ್ಟರು.

ಕೊನೆಯ ಸಭೆಯಲ್ಲಿ ಅವರ ದನಿ ಇಳಿದಿತ್ತು. "ಆಯ್ತಪ್ಪ ಸಂಕರ್ಷಣ, ತಾತನ ಹೆಸರು ಬಿಟ್ಟೆ. ನಿಮ್ಮ ಹೆಸರೇ ಇರ್ಲಿ," ಎಂದರು. ಮುಂಬಯಿಯವರ ಮುಖ ಅರಳಿ, ಕೈ ಕುಲುಕಲು ಮುಂದೆ ಬಂದರು. ವೀರಭದ್ರಯ್ಯನವರು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಬಿಡದೆ, ಸಂಕರ್ಷಣನ ಕಡೆ ತಿರುಗಿ, "ಇಷ್ಟು ದೊಡ್ಡ ಬೆಲೆ ಕೊಟ್ಟಿದೀನಿ. ಕೊಸರು ಹಾಕಲ್ವಾ?" ಎಂದರು.

ಬೆಲೆ ಕುದುರಿ ತೂಕ ಮುಗಿದ ಮೇಲೆ ಗಿರಾಕಿ ಕೇಳುವ ಒಂದು ಹಿಡಿ ಹೆಚ್ಚಿಗೆಯೇ ಕೊಸರು. ಅದನ್ನು ಕೇಳುವುದು ಗಿರಾಕಿಯ ಹಕ್ಕು, ಇಲ್ಲವೆನ್ನುವುದು ಅಂಗಡಿಯವನಿಗೆ ಅವಮಾನ. ಗಾಂಧಿಬಜಾರಿನಲ್ಲಿ ಅಜ್ಜಿಯ ಕೈಹಿಡಿದು ಸೊಪ್ಪು ತಂದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕೇ? ಅವನು ನಕ್ಕುಬಿಟ್ಟ. "ಏನು ಬೇಕು ಹೇಳಿ ಸಾರ್."

"ಹೆರಿಗೆ ವಾರ್ಡು ಇಲ್ಲೇ ಇರ್ಲಿ. ಬಡವರ ದರದಲ್ಲೇ ಇರ್ಲಿ. ಕರಾರಲ್ಲಿ ಬರೀರಿ."

ಸಂಕರ್ಷಣನ ನಗು ಅರ್ಧಕ್ಕೇ ನಿಂತಿತು. ತಿಂಗಳುಗಟ್ಟಲೆ ಹೆಸರಿನ ಹಗ್ಗ ಜಗ್ಗಿಸಿದ್ದು ಏತಕ್ಕೆಂದು ಅವನಿಗೆ ಆಗ ಹೊಳೆಯಿತು, ನನಗೂ. ಅವನು ಮೇಲಧಿಕಾರಿಯನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಬಹಳ ಹೊತ್ತು ವಾದಿಸಿದ. ಹೆಸರು ಗೆದ್ದ ಹುರುಪಿನಲ್ಲಿದ್ದ ಮುಂಬಯಿಯವರು ಒಮ್ಮೆ ಹಣೆ ಉಜ್ಜಿಕೊಂಡು, ಕೊನೆಗೆ ಒಪ್ಪಿದರು. ಆ ಹುಡುಗ ನಮ್ಮವನೇ ಎಂದು ನನಗೆ ಎದೆ ಉಬ್ಬಿತು.

ಮನೆಗೆ ಬರುವ ದಾರಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ವೀರಭದ್ರಯ್ಯನವರು ಹೇಳಿದರು: "ಯಾವುದು ನಮಗೆ ಬೇಕೋ ಅದನ್ನ ಮೊದ್ಲು ಮುಟ್ಟಬಾರದು ಮೇಷ್ಟ್ರೇ. ಮುಟ್ಟಿದ್ರೆ ಬೆಲೆ ಏರುತ್ತೆ." ಹಾಗಾದರೆ ಹೆಸರಿನ ಮೋಹವೆಲ್ಲ ನಾಟಕವೇ ಎಂದು ಕೇಳಿದೆ. ಅವರು ಕೋಟಿನ ತೋಳಿನ ಸೆಣಬಿನ ಎಳೆ ಕೀಳುತ್ತ ಮುಂದೆ ನಡೆದರು. ಬಾಗಿಲ ಮೇಲಿನ ಗಾರೆಯ ಅಕ್ಷರಗಳನ್ನು ಕೆಲಸದವರು ಉಳಿಯಿಂದ ಕೆತ್ತಿ ತೆಗೆದ ದಿನ ಕಾಟನ್‌ಪೇಟೆಯ ಅಂಗಡಿ ತೆರೆಯಲಿಲ್ಲ. "ಅವತ್ತು ಒಂದು ತುತ್ತೂ ಮುಟ್ಟಲಿಲ್ಲ ಕಣ್ರೀ," ಎಂದು ಶೈಲಜಮ್ಮನವರು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ದಾಯಾದಿಗಳು ತಾತನ ಹೆಸರು ಮಾರಿದವನೆಂದು ಹಳಿದರು, ಮದುವೆಮನೆಗಳಲ್ಲಿ ಮುಖ ತಿರುಗಿಸಿದರು. ಕೊಸರಿನ ಕತೆಯನ್ನು ಇವರು ಯಾರಿಗೂ ಹೇಳಲಿಲ್ಲ. ನಾನು ಹೇಳಹೋದರೆ ಗದರಿದರು.

ಈಗ ಆ ಕಟ್ಟಡಕ್ಕೆ ಗಾಜಿನ ಮುಖ ಬಂದಿದೆ. ಹೊರರೋಗಿಗಳ ಚೀಟಿ ದುಬಾರಿಯಾಯಿತೆಂದು ನಮ್ಮ ಬೀದಿಯವರು ಗೊಣಗುವುದುಂಟು, ಗೊಣಗುವುದು ನ್ಯಾಯವೂ ಹೌದು. ಆದರೆ ಮೊದಲ ಮಹಡಿಯಲ್ಲಿ ಹೆರಿಗೆ ವಾರ್ಡು ಇದೆ; ತೂಕ ಸಾಲದ ಕೂಸುಗಳನ್ನು ಬೆಚ್ಚಗಿಡುವ ಹೊಸ ಯಂತ್ರಗಳೂ ಇವೆ.

ಕಳೆದ ಶ್ರಾವಣದಲ್ಲಿ, ನಮ್ಮ ಬೀದಿಯ ತುದಿಯಲ್ಲಿ ಹೂ ಮಾರುವ ನರಸಮ್ಮ, ಮಗಳಿಗೆ ಹೆರಿಗೆಯಾಗಿದೆ ಬನ್ನಿ ಎಂದು ಕರೆದಳು. ನಾನೂ ವೀರಭದ್ರಯ್ಯನವರೂ ಹೋದೆವು. ಬಾಗಿಲಲ್ಲಿ ಹೊಸ ಕಾವಲುಗಾರ ಕೈ ಅಡ್ಡ ಹಿಡಿದ. "ಪಾಸ್ ಇಲ್ದೆ ಬಿಡಲ್ಲ ಸಾರ್. ಬಾಣಂತಿಗೆ ನೀವೇನಾಗ್ಬೇಕು?"

ನನ್ನ ಪಿತ್ತ ನೆತ್ತಿಗೇರಿತು. "ಏನಯ್ಯ, ಇವರು ಯಾರು ಅಂತ ಗೊತ್ತೇನಯ್ಯ ನಿನಗೆ?" ಎಂದು ಶುರುಮಾಡಿದವನ ಮುಂಗೈಯನ್ನು ವೀರಭದ್ರಯ್ಯನವರು ಬಿಗಿಯಾಗಿ ಅದುಮಿದರು. ಕಾವಲುಗಾರನಿಗೆ, "ಏನೂ ಆಗ್ಬೇಕಾಗಿಲ್ಲಪ್ಪ," ಎಂದರು. ನನಗೆ, "ಸುಮ್ನಿರಿ. ಹಸುಗೂಸುಗಳಿರೋ ಜಾಗ, ಕಂಡಕಂಡೋರನ್ನ ಬಿಡೋಕಾಗುತ್ತಾ? ಹುಡುಗ ಸರಿಯಾಗಿ ಕೆಲಸ ಮಾಡ್ತಿದಾನೆ."

ಅಷ್ಟರಲ್ಲಿ ನರಸಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಓಡಿಬಂದು ಫೋನಿನಲ್ಲಿ ಮೊಮ್ಮಗಳ ಚಿತ್ರ ತೋರಿಸಿದಳು. "ನಮ್ಮವ್ವ ನನ್ನ ಹೆತ್ತ ವಾರ್ಡಲ್ಲೇ ಆಯ್ತು ಸ್ವಾಮಿ! ಪುಣ್ಯಕ್ಕೆ ಅದನ್ನ ಎಲ್ಲೂ ಸಾಗಿಸಿಲ್ಲ ನೋಡಿ ಇವರು," ಎಂದು ಒಳಗಿನವರಿಗೆಲ್ಲ ಕೈಮುಗಿದಳು. ವೀರಭದ್ರಯ್ಯನವರೂ ಅವಳ ಜೊತೆಗೆ ಆ ಕಡೆಗೇ ಕೈಮುಗಿದರು.

ಕೊಡುವವರು ನಮ್ಮ ಊರಿನಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರ ಹೆಸರನ್ನು ಕಲ್ಲುಗಳು ಹೇಳುತ್ತವೆ. ಕೊಟ್ಟದ್ದರ ಮೇಲಿನ ತಮ್ಮ ಹೆಸರನ್ನೂ ಕೊಟ್ಟುಬಿಟ್ಟು, ತಾವೇ ಉಳಿಸಿದ ಬಾಗಿಲಲ್ಲಿ ಯಾರೂ ಅಲ್ಲದವರಾಗಿ, ಅದರಿಂದಲೇ ಸಂತುಷ್ಟರಾಗಿ ಮನೆಗೆ ಹಿಂತಿರುಗುವವರು ಬೇರೆಯೇ ಒಂದು ವಂಶ. ಆ ವಂಶದವರನ್ನು ಹೆರಲು ಈ ಪೇಟೆಗೆ ಇನ್ನೂ ಶಕ್ತಿಯಿದೆ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ, ಅವರು ಎಷ್ಟೇ ಗದರಲಿ.