ಕರ್ಚೀಫ್ ಕಟ್ಟಿ ಪ್ರೈಮರ್ ಹೊಡೆದ ವಿಶ್ವಜಿತ್

ಹಳೇ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಕಾಟ ತಪ್ಪಿದ್ದಲ್ಲ. ಹೈದರಾಬಾದಿನ ಕಾಚಿಗೂಡದ ವಿಶ್ವಜಿತ್‌ಗೂ ಅದೇ ಗೋಳು. ಹೈಟೆಕ್ ಸಿಟಿಯಲ್ಲಿ ಕಂಪನಿಗಳು ಏಳುತ್ತಿದ್ದ ಕಾಲ, ಇವನಿಗೂ ಅಲ್ಲೇ ಕೆಲಸ. ಆದರೆ ಜೀವವೆಲ್ಲ ಅಪ್ಪನ ಹಳೇ ಕಾರಿನ ಮೇಲೆ. ಅದರ ಬಾಗಿಲು ಬಿಚ್ಚಿ, ತುಕ್ಕು ಉಜ್ಜಿ, ಬರೀ ತಗಡು ಹೊಳೆಯುವಂತೆ ಮಾಡಿದ್ದ. ಇನ್ನು ಬಣ್ಣಕ್ಕೆ ಮೊದಲು ಅದಕ್ಕೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯಬೇಕಿತ್ತು.

ಆಫೀಸಿನ ಗೆಳೆಯ ಚಂದ್ರಹಾಸನಿಗೆ ಈ ಕೆಲಸ ರೂಢಿ. "ಬಯಲಾಗ ಹೊಡಿಯಪಾ. ಕೆಮಿಕಲ್ ಗಾಳಿ ತಡಿಯೋ ಫಿಲ್ಟರ್ ಮಾಸ್ಕೇ ಬೇಕು. ಹತ್ರ ಬೆಂಕಿ ಇರಬಾರದು," ಎಂದಿದ್ದ.

"ಒಂದು ಬಾಗಿಲಿಗೆ ಇಷ್ಟು ರಗಳಿ ಯಾಕಲೇ? ಕರ್ಚೀಫ್ ಐತಿ, ಸಾಕು!" ಎಂದಿದ್ದ ವಿಶ್ವಜಿತ್.

ಅಂಗಳದಲ್ಲಿ ಹೊಡೆದರೆ ವಠಾರದವರು ನಗುತ್ತಾರೆ, ಇಂಜಿನಿಯರ್ ಸಾಹೇಬ್ರು ಪೇಂಟರ್ ಆದ್ರು ಅಂತ. ಅದಕ್ಕೇ ಈ ಮಹಾಶಯ ಕಾರಿನ ಬಾಗಿಲನ್ನು ನಡುಮನೆಗೆ ತಂದು, ಅಲ್ಲಿನ ಕಿಟಕಿ ಬಾಗಿಲು ಜಡಿದು, ಮೂಗಿಗೆ ಕರ್ಚೀಫ್ ಕಟ್ಟಿ ಸ್ಪ್ರೇ ಗನ್ನು ಹಿಡಿದ.

ಪಕ್ಕದ ದೇವರ ಮನೆಯಲ್ಲಿ ತಾಯಿ ತುಳಸಾಬಾಯಿ ಮಡಿಯಲ್ಲಿ ಪೂಜೆಗೆ ಕೂತಿದ್ದರು. ಘಾಟು ಒಳಗೆ ನುಗ್ಗಿತು. ನೈವೇದ್ಯ ಆಗುವ ತನಕ ಏಳುವ ಹೆಂಗಸೇ ಅವರು? ಮೂಗಿಗೆ ಸೆರಗು ಒತ್ತಿಕೊಂಡು ಕೂತೇ ಇದ್ದರು. ಮಗನಿಗೆ ಕೆಮ್ಮು ಕೇಳಿಸಿತು. ಇನ್ನೊಂದು ಕೈ ಹೊಡೆದು ಮುಗಿಸಿಬಿಡೋಣ ಅಂದುಕೊಂಡ ಪುಣ್ಯಾತ್ಮ! ಹೆಂಡತಿ ಹರ್ಷದಾ ಕೋಠಿ ಪೇಟೆಯಿಂದ ಬಂದು ಬಾಗಿಲು ಬಡಿದು ತೆಗೆಸಿದಾಗ, ಅತ್ತೆ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರ್ ವೇದವತಿ ಕೇಳಿದರು, "ಅಮ್ಮಾರ, ಎಂಥಾ ಹೊಗಿ ಮೂಗಿಗೆ ಹೋತ್ರಿ?"

"ಒಗ್ಗರಣಿ ಘಾಟ್ರಿ... ಮೆಣಸಿನಕಾಯಿ ಹೊತ್ತಿದ್ವು," ಎಂದರು ತುಳಸಾಬಾಯಿ, ಮಗನ ಕಡೆ ನೋಡದೆ.

ಉಸಿರಿಗೆ ಒದ್ದಾಡುವ ಹೊತ್ತಿನಲ್ಲೂ ಮಗನ ಮಾನ ಉಳಿಸಲು ಸುಳ್ಳು! ಹರ್ಷದಾ ಪ್ರೈಮರ್ ಮೆತ್ತಿದ ವಿಶ್ವಜಿತ್‌ನ ಕೈ ನೋಡಿದಳು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನುವಷ್ಟು ನಾಚಿಕೆಯಾಯಿತು ಅವನಿಗೆ.

"ಒಗ್ಗರಣಿ ಅಲ್ರಿ ಡಾಕ್ಟರ್. ನಾನು ಕಿಟಕಿ ಹಾಕ್ಕೊಂಡು ಎಪಾಕ್ಸಿ ಪ್ರೈಮರ್ ಹೊಡದೀನ್ರಿ, ಅವ್ವ ಬಾಜೂಕ ದೇವರ ಮನ್ಯಾಗ ಪೂಜಿಗೆ ಕೂತಿದ್ಲು."

"ಹೇಳಿದ್ದು ಛಲೋ ಆತು. ಇದಕ್ಕ ಚಿಕಿತ್ಸಾನೇ ಬ್ಯಾರೆ. ದೇವರ ಮನ್ಯಾಗ ದೀಪ ಇತ್ತೇನ್ರಿ?"

"ಇತ್ರಿ."

"ಪ್ರೈಮರಿನ್ಯಾಗಿನ ಥಿನ್ನರ್ ಆವಿಗೆ ಬೆಂಕಿ ತಗಲಿದ್ರ ಮನೀನೇ ಉಳೀತಿರಲಿಲ್ಲ!"

ಸಂಜೆಗೆ ಉಸಿರು ತಹಬದಿಗೆ ಬಂತು. "ಮಂದಿ ಮುಂದ ಯಾಕ ಹೇಳಿದ್ಯೋ?" ಎಂದರು ತಾಯಿ.

"ನಿನ್ನ ಕೆಮ್ಮು ಕೇಳಿನೂ ಗನ್ ಇಳಿಸಲಿಲ್ಲವ್ವಾ ನಾನು."

ತುಳಸಾಬಾಯಿ ಅವನ ತಲೆ ಸವರಿದರು. "ನಂದೂ ತಪ್ಪೈತಿ. ಇನ್ನ ಘಾಟು ಬಂದ್ರ ಮಡಿ ಬಿಟ್ಟು ಎದ್ದು ಬರ್ತೀನಿ," ಎಂದರು.

ಮುಂದಿನ ಭಾನುವಾರ ಅಂಗಳದ ಬಯಲಿನಲ್ಲಿ, ಮಾಸ್ಕು, ಕನ್ನಡಕ, ಕೈಗವಸು ಹಾಕಿಕೊಂಡು ಕೆಲಸ ನಡೆಯಿತು. "ಬರಿಗೈಲೆ ತಗಡು ಮುಟ್ಟಬ್ಯಾಡ, ಜಿಡ್ಡಿಗೆ ಪ್ರೈಮರ್ ಹಿಡಿಯಂಗಿಲ್ಲ. ತೆಳ್ಳಗ ಹೊಡಿ, ಆರಲಿ, ಮತ್ತ ಹೊಡಿ," ಎಂದು ಚಂದ್ರಹಾಸ ಕಲಿಸಿದ. ವಠಾರದವರು ನಕ್ಕರು. ನಗಲಿ ಬಿಡಿ!

ನೀವೂ ಹೊಸದಾಗಿ ಕೈ ಹಾಕುವವರೇ? ಡಬ್ಬಿಯ ಮೇಲಿನದನ್ನು ಓದಿ, ಪ್ರೈಮರ್ ಗಟ್ಟಿಯಾಗಿಸುವ ಹಾರ್ಡನರನ್ನು ಅಳತೆಯಂತೆ ಬೆರೆಸಿ. ಕರ್ಚೀಫ್ ನಂಬಬೇಡಿ. ಮನೆಯೊಳಗಂತೂ ಬೇಡವೇ ಬೇಡ. ಯಾರಾದರೂ ಕೆಮ್ಮಿದರೆ ಆ ಕ್ಷಣವೇ ಗನ್ನು ಕೆಳಗಿಟ್ಟು ಅವರನ್ನು ಗಾಳಿಗೆ ಕರೆತನ್ನಿ. ಡಾಕ್ಟರ ಮುಂದೆ ನಿಜ ಹೇಳಿಬಿಡಿ, ನಾಚಿಕೆ ಆಮೇಲೆ ಪಟ್ಟರಾಯಿತು.