ಬುಡವಿಲ್ಲದ ಕೊಡಗಳು

ಕೇರಿಯವರ ಬಾವಿಯನ್ನು ವಿರೂಪಾಕ್ಷಪ್ಪಗೌಡರು ತಮ್ಮ ಬಾಳೆತೋಟದ ಬೇಲಿಯೊಳಗೆ ಸೇರಿಸಿಕೊಂಡರು.

ಅಂದಿನಿಂದ ಕೇರಿಯ ಹೆಂಗಸರು ಬೇಲಿಯ ಹೊರಗೆ ಕೊಡ ಇಟ್ಟು ಕಾಯಬೇಕಾಯಿತು. ತೋಟದ ಆಳು ಮನಸ್ಸು ಬಂದಾಗ ಸೇದಿ, ಎತ್ತರದಿಂದ ಸುರಿಯುತ್ತಿದ್ದ. ಅರ್ಧ ಕೊಡಕ್ಕೆ, ಅರ್ಧ ಮಣ್ಣಿಗೆ. ಅದು ನಿಜಾಮರ ಕಾಲ. ಬಾವಿಗಾಗಿ ಕೇರಿಯವರು ಕೊಟ್ಟ ಕನ್ನಡದ ಅರ್ಜಿ, ಉರ್ದುವಿನಲ್ಲಿರಬೇಕೆಂದು ಕಚೇರಿಯಿಂದ ತಿರುಗಿಬಂತು. ಉರ್ದುವಿನಲ್ಲಿ ಬರೆಸಿದ್ದು ತಿರುಗಿಯೂ ಬರಲಿಲ್ಲ.

ಹದಿನೇಳರ ದುರುಗವ್ವ ಮೂರನೆಯ ಅರ್ಜಿಗೆ ಕಾಯಲಿಲ್ಲ. ಊರ ಹಿಂದಿನ ಗುಡ್ಡದಲ್ಲಿ ಕಲ್ಲುಸಂದಿಯಿಂದ ಒರತೆಯೊಂದು ಜಿನುಗಿ, ಯಾರಿಗೂ ಇಲ್ಲದಂತೆ ಇಂಗಿಹೋಗುತ್ತಿತ್ತು. ಅದನ್ನು ಕೇರಿಗೆ ಇಳಿಸುತ್ತೇನೆಂದು ಹಟ ಹಿಡಿದಳು. ಕುಂಬಾರರು ಬಿಸಾಕಿದ, ಬುಡ ಒಡೆದ ಕೊಡಗಳನ್ನು ಅವಳೂ ಸೋದರಮಾವನ ಮಗ ಹೇಮಪ್ಪನೂ ಹೊತ್ತು ತಂದರು. ಒಂದರ ಬಾಯನ್ನು ಇನ್ನೊಂದರ ಒಡಕು ಬುಡಕ್ಕೆ ತೂರಿಸುತ್ತ ಗುಡ್ಡದಿಂದ ಸಾಲು ಹಿಡಿದರು. ಸುಣ್ಣ, ಹತ್ತಿ, ಯಲಬುರ್ಗಾ ಸಂತೆಯ ಔಡಲೆಣ್ಣೆ ಕೂಡಿಸಿ ಕುಟ್ಟಿ ಸಂದುಗಳಿಗೆ ಮೆತ್ತಿದರು.

“ಖಾರ ಕುಟ್ಟೋ ಒಳ್ಳಾಗ ಸುಣ್ಣ ಕುಟ್ಟೀಯಲ್ಲ, ನಾಳಿ ಸುಣ್ಣದ ಚಟ್ನಿ ತಿನ್ನೂನೇನು?” ಎಂದು ಅಜ್ಜಿ ಮಾರೆವ್ವ ಬೈದಳು.

ನೀರು ಬಿಟ್ಟರೆ ಪ್ರತಿ ಸಂದಿನಲ್ಲೂ ಸೋರಿತು. ಮತ್ತೆ ಮೆತ್ತಿದರು, ಮತ್ತೆ ಸೋರಿತು. ಇಪ್ಪತ್ತು ದಿನದ ದುಡಿಮೆ ಮಣ್ಣುಪಾಲು. ಹೇಮಪ್ಪ ಒಂದು ಕೊಡವನ್ನು ಒದ್ದು ಚೂರು ಮಾಡಿದ.

“ಸಾಕ ಬಿಡ ದುರುಗಿ. ನಮ್ಮ ಹಣೇಬಾರದಾಗ ತೂತ ಐತಿ.”

“ಹಣೇಬಾರದಾಗಲ್ಲೋ, ನಮ್ಮ ಬುದ್ಧ್ಯಾಗ ಐತಿ.”

ಸೋರುವ ಸಂದಿನೆದುರು ಕುಕ್ಕರಗಾಲಲ್ಲಿ ಕುಳಿತು ನೋಡಿದಳು. ಕೊಡಕ್ಕೆ ನೀರು ಬಾಯಿಂದಲೇ ಹೋಗಬೇಕೆಂದು ಇಬ್ಬರೂ ಎಲ್ಲ ಬಾಯಿಗಳನ್ನೂ ಗುಡ್ಡದ ಕಡೆಗೆ ಇಟ್ಟಿದ್ದರು. ಮೇಲಿನಿಂದ ಬಂದ ನೀರು ಕೆಳಗಿನ ಕೊಡದ ತುಟಿಗೆ ಬಡಿದು ಸಂದಿನಿಂದ ಹೊರಗೆ ನುಗ್ಗುತ್ತಿತ್ತು.

“ಎಲ್ಲಾ ತಿರುವಿ ಹಾಕೂನು. ಇವು ಕುಡಿಯೂ ಕೊಡ ಅಲ್ಲೋ, ಉಗುಳೂ ಕೊಡ!”

ಬಾಯಿಗಳೆಲ್ಲ ಇಳಿಜಾರಿಗೆ ಮುಖ ಮಾಡಿದವು. ಎಂಟನೆಯ ದಿನ ಕೇರಿಯ ಬೇವಿನ ಮರದಡಿ ಬೆರಳು ಗಾತ್ರದ ನೀರು ಬಿತ್ತು. ಮಾರೆವ್ವ ಬೊಗಸೆ ಒಡ್ಡಿದಳು. ಅಭ್ಯಾಸಬಲದಿಂದ ತಲೆ ಎತ್ತಿ ನೋಡಿದಳು. ಮೇಲೆ ಸುರಿಯುವವರು ಯಾರೂ ನಿಂತಿರಲಿಲ್ಲ.

ಮರುದಿನ ಗೌಡರು ತಳವಾರ ಯಂಕೋಬನೊಂದಿಗೆ ಬಂದು ಮಾರುದೂರ ನಿಂತರು.

“ಹುಡುಗಿ ಭಾಳ ಶಾಣ್ಯಾಕಿ ಅದಾಳ. ಗುಡ್ಡ ನಮ್ಮದು, ನೀರೂ ನಮ್ಮದು. ಸಾಲು ನಮ್ಮ ತೋಟಕ್ಕ ತಿರುವಲಿ. ಬೇಕಾದಾಗ ಬೇಲಿ ಹತ್ರ ಬರ್ರಿ, ಆಳು ಹಾಕ್ತಾನ.”

“ನಿಮ್ಮ ಆಳ ತಿರುವಲಿ ಬಿಡ್ರಿ,” ಎಂದ ಹೇಮಪ್ಪ.

“ಏ, ನಿಮ್ಮ ಕೇರಿ ಕೊಡ ನಮ್ಮೋರು ಮುಟ್ತಾರೇನಲೇ?” ಯಂಕೋಬ ಕೋಲು ಕುಟ್ಟಿದ. “ಗೌಡ್ರ ಹುಕುಂ ಆಗೈತಿ. ನೀನ ತಿರುವಬೇಕು, ದುರುಗಿ.”

ದುರುಗವ್ವ ತುಂಬಿದ ಕೊಡವನ್ನು ಸರಿಸಿ, ಖಾಲಿ ಕೊಡವನ್ನು ನೀರಿನ ಕೆಳಗೆ ಇಟ್ಟಳು.

“ನೀವು ಮುಟ್ಟಂಗಿಲ್ಲ,” ಅಂದಳು. “ನಾ ತಿರುವಂಗಿಲ್ಲ.”