ಜೋಳದ ಕಾಳಿನಷ್ಟು

ಇಪ್ಪತ್ತೆರಡನೆಯ ನಿಮಿಷಕ್ಕೆ ಲ್ಯಾಪ್‌ಟಾಪ್ ಮತ್ತೆ ಆರಿತು. ಮಗ್ಗುಲಲ್ಲಿ ಕುಳಿತು ಮೊರದಿಂದ ಅದಕ್ಕೆ ಗಾಳಿ ಹಾಕುತ್ತಿದ್ದ ಅವ್ವ ದೇವಕ್ಕನ ಕೈ ಹಾಗೇ ನಿಂತಿತು.

"ನಾ ಜೋರ ಬೀಸಿದ್ನೇನವಾ?"

"ನಿಂದಲ್ಲ ಬೇ. ಒಳಗ ಕಾದೈತಿ," ಎಂದಳು ಅನ್ನಪೂರ್ಣಾ. ಮೂರು ದಿನದಿಂದ ಇದೇ ಗೋಳು. ಇವತ್ತು ಮಧ್ಯಾಹ್ನ ಮೂರಕ್ಕೆ ಅವಳ ಕೆಲಸದ ಆನ್‌ಲೈನ್ ಪರೀಕ್ಷೆ, ತೊಂಬತ್ತು ನಿಮಿಷ. ನಡುವೆ ಒಮ್ಮೆ ಆರಿದರೂ ಮತ್ತೆ ಒಳಗೆ ಬಿಡುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಸವದತ್ತಿಯ ರಿಪೇರಿಯವನು ಪ್ರೊಸೆಸರ್ ವಿಪರೀತ ಬಿಸಿಯಾಗುತ್ತದೆ, ಎಂಟು ದಿನ ಬಿಟ್ಟು ಹೋಗು ಎಂದಿದ್ದ. ಅವಳು ವಾಪಸು ತಂದಿದ್ದಳು.

"ನಾನ ಬಿಚ್ಚತೇನಿ," ಎಂದಳು, ಯಾರಿಗೂ ಅಲ್ಲವೆಂಬಂತೆ.

ಉಗರಗೋಳದಲ್ಲಿ ಎಲ್ಲಮ್ಮನ ಗುಡ್ಡದ ದಾರಿಗಿದ್ದ ಅವರ ಪೂಜಾ ಸಾಮಾನಿನ ಅಂಗಡಿಯೂ ಮನೆಯೂ ಒಂದೇ. ಮುಂದೆ ಕಾಯಿ ಜೋಡಿಸುತ್ತಿದ್ದ ಅಪ್ಪ ಮಲಕಾಜಪ್ಪ ತಿರುಗಿ ನೋಡಿದ. "ಆರನೇ ಕ್ಲಾಸಿನ್ಯಾಗ ಇದ್ದಾಗ ಮಿಕ್ಸರ್ ಬಿಚ್ಚಿದ್ದಿ. ನಿಮ್ಮವ್ವ ಇನ್ನೂತನಾ ಒಳಕಲ್ಲಾಗ ಕುಟ್ಟಾಕತ್ತಾಳ."

ಅನ್ನಪೂರ್ಣಾ ಎದುರು ಮಾತಾಡುವವಳಲ್ಲ. ಚಪ್ಪಲಿ ಮೆಟ್ಟಿ ಹೊರಟಳು. ಶಾನವಾಜನ ಮೊಬೈಲ್ ಅಂಗಡಿಯ ಗಿರಾಕಿಗಳೆಲ್ಲ ಕರಗುವವರೆಗೂ ಎದುರಿನ ಕಂಬದ ಹತ್ತಿರ ನಿಂತು, ಹೇಳಬೇಕಾದ್ದನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡಳು. ಆದರೂ ಅದು ಚೂರುಚೂರಾಗಿಯೇ ಹೊರಬಂತು.

"ಮೊಬೈಲ್ ಆಗಿದ್ರ ನಾನ ಬಿಚ್ಚತಿದ್ದೆ, ತಂಗಿ. ಲ್ಯಾಪ್‌ಟಾಪ್ ಮುಟ್ಟಾಕ ನಂಗೂ ಧೈರ್ಯ ಇಲ್ಲ." ಅವನು ಡ್ರಾವರಿನಿಂದ ಕಿರುಬೆರಳಿನಷ್ಟು ಸ್ಕ್ರೂಡ್ರೈವರನ್ನೂ ಬೂದು ಪೇಸ್ಟು ತುಂಬಿದ ಸಿರಿಂಜನ್ನೂ ತೆಗೆದಿಟ್ಟ. "ಪ್ರೊಸೆಸರ್ ಮ್ಯಾಲಿನ ಹಳೇ ಪೇಸ್ಟ್ ಒರಸಿ ಇದನ್ನ ಹಾಕು, ಬಿಸಿ ಎಳಕೊಂಡು ಹೊರಗ ಹಾಕತೈತಿ. ಜ್ವಾಳದ ಕಾಳಷ್ಟ. ಹೋಳಗಿಗೆ ತುಪ್ಪ ಸುರದಂಗ ಸುರೀಬ್ಯಾಡ."

"ಕೆಟ್ರ, ಅಣ್ಣಾ?"

"ಈಗೇನ ನೆಟ್ಟಗೈತಿ?"

ಮನೆಯಲ್ಲಿ ಅವಳು ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಹೊಟ್ಟೆಯ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನೆಲ್ಲ ಅದರದರ ಜಾಗದಲ್ಲೇ ಇಟ್ಟಳು. ಹನ್ನೊಂದು. ಬ್ಯಾಟರಿಯ ವೈರು ಮೊದಲು ಕಳಚಿದಳು. ಫ್ಯಾನು ಎತ್ತಿದಾಗ, ಗಾಳಿ ಹೊರಹೋಗುವ ಕಿಂಡಿಯ ಬಾಯಿಗೆ ಹಳದಿ ಕಂಬಳಿಯ ತುಂಡಿನಂಥದ್ದು ಗಟ್ಟಿಯಾಗಿ ಕೂತಿತ್ತು. ಚಿಮಟಿಯಿಂದ ಎಳೆದರೆ ಇಡಿಯಾಗಿ ಬಂತು. ಮೂಗಿಗೆ ಹಿಡಿದಳು. ಅರಿಷಿಣ.

ನಾಲ್ಕು ವರ್ಷದಿಂದ ಮಂಗಳವಾರ, ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ದೇವಕ್ಕ ಗಲ್ಲಾಪೆಟ್ಟಿಗೆಗೆ, ತಕ್ಕಡಿಗೆ, ಆಮೇಲೆ ಮಗಳ ಲ್ಯಾಪ್‌ಟಾಪಿಗೆ ಎಲ್ಲಮ್ಮನ ಭಂಡಾರದ ಅರಿಷಿಣ ಹಚ್ಚುತ್ತಿದ್ದಳು. ಪರದೆಗೆ ಹಚ್ಚಬೇಡ, ಅಕ್ಷರ ಕಾಣುವುದಿಲ್ಲ ಎಂದಿದ್ದವಳು ಅನ್ನಪೂರ್ಣಾಳೇ. ಅಂದಿನಿಂದ ಅವ್ವ ಹಿಂದಿನ ಕಿಂಡಿಗೆ ಹಚ್ಚತೊಡಗಿದ್ದಳು.

ದೇವಕ್ಕ ಬಗ್ಗಿ ನೋಡಿದಳು. "ಇದು ನಾ ಹಚ್ಚಿದ್ದೇನ?"

"ಅಂಗಡಿ ಧೂಳನೂ ಕೂಡೈತಿ ಬೇ."

ದೇವಕ್ಕ ಹಳದಿ ತುಂಡನ್ನು ಅಂಗೈಯಲ್ಲಿ ಇಸಿದುಕೊಂಡು ಹೋಗಿ, ತುಳಿದಾಡುವ ಕಡೆ ಬೀಳದಂತೆ ಹಿತ್ತಲ ತುಳಸಿಯ ಬುಡಕ್ಕೆ ಇಟ್ಟು ಬಂದಳು.

ಪ್ರೊಸೆಸರ್ ಮೇಲಿನ ಹಳೆಯ ಪೇಸ್ಟು ಒಣಗಿದ ಸುಣ್ಣದಂತಾಗಿತ್ತು. ಸ್ಪಿರಿಟ್ ಅದ್ದಿದ ಅರಿವೆಯಿಂದ ಒರೆಸಿ ಒರೆಸಿ ತೆಗೆದಾಗ ಕೆಳಗೆ ಉಗುರಿನಗಲದ ಕನ್ನಡಿ ಹೊಳೆಯಿತು. ಅದರಲ್ಲಿ ಅವಳದೇ ಮೂಗು. 'ಜ್ವಾಳದ ಕಾಳಷ್ಟ' ಎಂದು ತನಗೇ ಹೇಳಿಕೊಳ್ಳುತ್ತ ಸಿರಿಂಜನ್ನು ಎರಡು ಸಲ ಹತ್ತಿರ ತಂದು ಹಿಂದೆ ತೆಗೆದಳು. ಅಷ್ಟರಲ್ಲಿ ಅವ್ವ ಡಬ್ಬಿಯಿಂದ ಒಂದು ಜೋಳದ ಕಾಳು ತಂದು ಹಾಳೆಯ ಮೇಲಿಟ್ಟಳು.

"ಇಷ್ಟ ಅಲಾ?"

ಅನ್ನಪೂರ್ಣಾಳಿಗೆ ನಗು ಬಂತು. ಅಷ್ಟೇ ಹಾಕಿದಳು.

ಕೊನೆಯ ಸ್ಕ್ರೂ ತಿರುಗಿಸುವಾಗ ಅಪ್ಪ ಬೆನ್ನ ಹಿಂದೆ ಬಂದು ನಿಂತಿದ್ದ. ಹಾಳೆಯನ್ನು ಎತ್ತಿ ಜಾಡಿಸಿ, ಕೆಳಗೂ ಹುಡುಕಿದ. "ಒಂದೂ ಉಳೀಲಿಲ್ಲಲಾ?"

ಗುಂಡಿ ಒತ್ತಿದಳು. ಹತ್ತಿತು. ಮೊದಲು ತೊಂಬತ್ತೆಂಟು ಡಿಗ್ರಿ ಬಿಸಿ ತೋರಿಸುತ್ತಿದ್ದದ್ದು ಐವತ್ತಾರಕ್ಕೆ ಬಂದು ಅಲ್ಲೇ ನಿಂತಿತು.

ಮೂರಕ್ಕೆ ಪರೀಕ್ಷೆ ಶುರುವಾಯಿತು. ಇಪ್ಪತ್ತೆರಡನೆಯ ನಿಮಿಷ ಬಂತು, ದಾಟಿತು. ಬಾಗಿಲಿಗೆ ಇಳಿಬಿಟ್ಟ ಪರದೆಯಾಚೆಯಿಂದ ಅಪ್ಪ ಯಾರೋ ಯಾತ್ರಿಕರಿಗೆ ಹೇಳುವುದು ಕೇಳಿಸುತ್ತಿತ್ತು. "ಸಾವಕಾಶ ಮಾತಾಡ್ರಿ. ಒಳಗ ಮಗಳ ಪರೀಕ್ಷೆ ನಡದೈತಿ. ಆ ಮಶಿನ್ನಿನ ಪ್ರೊಸೆಸರ್ ತಾನ ಬಿಚ್ಚಿ ಕೂಡಿಸ್ಯಾಳ."

"ಹಂಗಂದ್ರೇನ್ರಿ?"

"ನಂಗೂ ಗೊತ್ತಿಲ್ರಿ. ಭಾಳ ಬಿಸಿ ಇರತೈತಿ."

ಅವಳ ಕಿವಿ ಬೆಚ್ಚಗಾಯಿತು. ತಲೆ ಎತ್ತಲಿಲ್ಲ. ನಾಲ್ಕೂವರೆಗೆ ಕೊನೆಯ ಉತ್ತರ ಕಳಿಸಿದಾಗಲೂ ಫ್ಯಾನು ಮೆಲ್ಲಗೆ ಗುಂಯ್‌ಗುಡುತ್ತಲೇ ಇತ್ತು.

ಅಂದು ಶುಕ್ರವಾರ. ಹೊತ್ತು ಮುಳುಗುವಾಗ ದೇವಕ್ಕ ದೀಪ ಹಚ್ಚಿ ಭಂಡಾರದ ಬಟ್ಟಲು ಹಿಡಿದು ಬಂದಳು. ಗಲ್ಲಾಪೆಟ್ಟಿಗೆಗೆ ಹಚ್ಚಿದಳು, ತಕ್ಕಡಿಗೆ ಹಚ್ಚಿದಳು. ಲ್ಯಾಪ್‌ಟಾಪಿನ ಮುಂದೆ ಚಿಟಿಕೆ ಹಿಡಿದ ಬೆರಳು ಹಾಗೇ ತಡೆದು ನಿಂತಿತು. ನಾಳೆ ಶಾನವಾಜನಿಗೆ ಮರಳಿಸಬೇಕಿದ್ದ ಸ್ಕ್ರೂಡ್ರೈವರ್ ಪಕ್ಕದಲ್ಲೇ ಇತ್ತು. ದೇವಕ್ಕ ಬಗ್ಗಿ, ಅದರ ಹಿಡಿಕೆಗೆ ಒಂದಿಷ್ಟು ಹಳದಿ ಸವರಿ, ಸೆರಗು ಸರಿಮಾಡಿಕೊಂಡು ಕೈ ಮುಗಿದಳು.